ಕನ್ನಡಿ ಮಹಲಿನ ಮುಂಗೋಡೆ

ನನ್ನ ಕೆಲಸಕ್ಕೆ ಸರಿಯಾದ ಹೆಸರೊಂದು ಇರಲಿಲ್ಲ. ಹುಮನಾಬಾದಿನಲ್ಲಿ ನನ್ನನ್ನು ಲೈಟಿನ ಬಂಡೆಪ್ಪ ಎನ್ನುತ್ತಿದ್ದರು, ಬಸವಕಲ್ಯಾಣದಲ್ಲಿ ಚಿತ್ರದ ಬಂಡೆಪ್ಪ. ನನ್ನ ಸ್ವಂತ ಊರಾದ ಮೋರಖಂಡಿಯಲ್ಲಿ ಮಾತ್ರ ಕುರಿ ಕಾಯುವುದು ಬಿಟ್ಟು ಓಡಿಹೋದ ಬಂಡೆಪ್ಪನಾಗಿಯೇ ಉಳಿದೆ. ನಾನು ಮಾಡುತ್ತಿದ್ದುದು ಇಷ್ಟೇ. ಊರೂರಿಗೆ ಹೋಗಿ ಡೇರೆ ಹೊಡೆಯುವ ನುಮಾಯಿಶ್ ಕಂಪನಿಯಲ್ಲಿ, ಅಂದರೆ ತಿರುಗು ತೊಟ್ಟಿಲು, ಕನ್ನಡಿ ಮಹಲು, ಭೂತ ಬಂಗಲೆಗಳಿರುವ ಪ್ರದರ್ಶನದಲ್ಲಿ, ಸಂಜೆಯಾದ ಮೇಲೆ ಗಾಜಿನ ಮೇಲೆ ಬರೆದ ಚಿತ್ರವನ್ನು ದೀಪದ ಪೆಟ್ಟಿಗೆಯಿಂದ ಆ ಕಟ್ಟಡಗಳ ಮುಖದ ಮೇಲೆ ಬಿಡುವುದು.

ಈಗ ಈ ಕೆಲಸಕ್ಕೆ ಹೊಸದಾಗಿ ಇಳಿದ ಕೆಲವರು ನನ್ನ ಹತ್ತಿರ ಬಂದು ಕೂರುತ್ತಾರೆ. ದೊಡ್ಡ ಊರುಗಳಲ್ಲಿ ಮೋಜಿನ ಉದ್ಯಾನಗಳು ಬರುತ್ತಿವೆಯಂತೆ. ಅಲ್ಲಿ ಕೋಟೆಯಂಥ, ಹಡಗಿನಂಥ, ಗುಹೆಯಂಥ ಕಟ್ಟಡಗಳನ್ನು ಗಟ್ಟಿಯಾಗಿ ಕಟ್ಟುತ್ತಾರಂತೆ. ಅಂಥ ಕಟ್ಟಡದ ಮೇಲೆ ಬೆಳಕಿನ ಚಿತ್ರ ಬಿಟ್ಟರೆ ಒಪ್ಪುತ್ತದೆಯೇ ಎಂದು ಕೇಳುತ್ತಾರೆ. ಒಂದೇ ಮಾತಿನಲ್ಲಿ ಹೌದು ಅಥವಾ ಇಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ದುಡಿಮೆಯ ವರ್ಷಗಳೆಲ್ಲ ಆ ಪ್ರಶ್ನೆಯ ಹಿಂದೆಯೇ ಕಳೆದವು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಬೇಕಾದದ್ದನ್ನು ಅವರೇ ಆರಿಸಿಕೊಳ್ಳಲಿ.

ಹೈದರಾಬಾದ್ ರಾಜ್ಯ ಒಡೆದು ನಮ್ಮ ಭಾಗ ಕನ್ನಡ ನಾಡಿಗೆ ಸೇರಿದ ವರ್ಷ ನಾನು ಬಸವಕಲ್ಯಾಣದ ಡೇರೆ ಸಿನಿಮಾದಲ್ಲಿದ್ದೆ. ಆಟದ ನಡುವೆ ರೀಲು ಬದಲಿಸುವಾಗ ಪರದೆಯ ಮೇಲೆ ಜಾಹೀರಾತಿನ ಗಾಜು ತೋರಿಸುವುದು ನನ್ನ ಪಾಲಿನ ಕೆಲಸ. ಅದಕ್ಕೆ ನಾವು ಸ್ಲೈಡು ಎನ್ನುತ್ತಿದ್ದೆವು. ಅಲ್ಲಿಯವರೆಗೆ ಸ್ಲೈಡುಗಳೆಲ್ಲ ಉರ್ದು, ಮರಾಠಿಯಲ್ಲಿದ್ದವು. ಇನ್ನು ಕನ್ನಡದಲ್ಲಿಯೂ ಇರಲಿ ಎಂದು ಡೇರೆಯ ಯಜಮಾನರು ಹೇಳಿದರು. ನಾನು ಓದಿದ್ದು ಉರ್ದು ಶಾಲೆಯಲ್ಲಿ. ಅಂಗಡಿಯ ಬೋರ್ಡು ನೋಡಿ ನೋಡಿ ಕನ್ನಡ ಅಕ್ಷರ ಕಲಿತು, ಗಾಜಿಗೆ ದೀಪದ ಮಸಿ ಹಿಡಿಸಿ, ಸೂಜಿಯಿಂದ ಕೆರೆದು 'ಬೀಡಿ ಸೇದಬೇಡಿರಿ' ಎಂದು ಬರೆದೆ. ಗಾಜನ್ನು ಪೆಟ್ಟಿಗೆಯೊಳಗೆ ತಲೆಕೆಳಗಾಗಿ ಇಡಬೇಕು. ಅದು ನನಗೆ ಗೊತ್ತಿತ್ತು. ಹಿಂದು ಮುಂದು ನೋಡಿ ಇಡಬೇಕು ಎಂಬುದು ಆ ಹೊತ್ತಿಗೆ ಮರೆತುಹೋಯಿತು. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಪರದೆ ತುಂಬ ನಿಂತವು. ಕನ್ನಡ ಓದಲು ಬಾರದವರು ಇದೇ ಕನ್ನಡ ಇರಬಹುದು ಎಂದು ಸುಮ್ಮನಿದ್ದರು, ಓದಲು ಬರುವ ನಾಲ್ಕು ಜನ ಬಿದ್ದು ಬಿದ್ದು ನಕ್ಕರು.

ಹಾಗೆ ನಕ್ಕವರಲ್ಲಿ ವಿಠಲರಾಯರೂ ಒಬ್ಬರು. ನುಮಾಯಿಶ್ ಕಂಪನಿಯ ಮಾಲಕರು. ಮರಾಠಿ ಮನೆಮಾತಿನವರು, ಕನ್ನಡವನ್ನು ನಮ್ಮ ಹಾಗೆಯೇ ಆಡುತ್ತಿದ್ದರು. ಆಟ ಮುಗಿದ ಮೇಲೆ ನನ್ನನ್ನು ಕರೆದು, "ಅಕ್ಷರ ತಿರುಗಿದ್ರೂ ಗೆರಿ ಭಾಳ ಸಾಫ್ ಅದಪಾ. ಇದರಾಗ ಅಕ್ಷರ ಅಷ್ಟ ಬರೀತಿಯೋ, ಚಿತ್ರಾನೂ ಬರೀತಿಯೋ?" ಎಂದು ಕೇಳಿದರು.

"ಚಿತ್ರಾನೂ ಬರೀತೀನ್ರಿ," ಎಂದೆ. ಅದುವರೆಗೆ ಒಂದು ಚಿತ್ರವನ್ನೂ ಬರೆದಿರಲಿಲ್ಲ.

"ಹಂಗಾದ್ರ ನಮ್ಮ ಕಡೆ ಬಾ. ಪರದಿ ಮ್ಯಾಲ ಅಲ್ಲ, ಮಹಲಿನ ಮ್ಯಾಲ ಬಿಡೋಣು."

ವಿಠಲರಾಯರ ಸ್ವಭಾವವೇ ಹಾಗೆ. ಹೊಸದು ಏನು ಕಂಡರೂ ಅದು ನಾಳೆಯೇ ತಮ್ಮ ಮೈದಾನದಲ್ಲಿ ಇರಬೇಕು. ಸಿಟ್ಟು ಮೂಗಿನ ತುದಿಯಲ್ಲಿ, ಆದರೆ ಬೈಸಿಕೊಂಡವನಿಗೆ ಚಹಾ ಕುಡಿಸದೆ ಮಲಗುತ್ತಿರಲಿಲ್ಲ. ಅಂಥವರ ಕೈಕೆಳಗೆ ಕೆಲಸ ಮಾಡುವುದು ಸುಲಭವಲ್ಲ, ಬೇಸರವೂ ಅಲ್ಲ.

ಕಂಪನಿಗೆ ಸೇರಿದ ದಿನ ನಾನು ಮೊದಲು ಕಂಡದ್ದು ಕನ್ನಡಿ ಮಹಲನ್ನು. ಒಳಗೆ ದಪ್ಪ, ತೆಳ್ಳಗೆ, ಕುಳ್ಳಗೆ ತೋರಿಸುವ ಕನ್ನಡಿಗಳು. ಹೊರಗೆ ಬಿದಿರು, ಹಲಗೆ, ತಗಡು ಸೇರಿಸಿ ಎತ್ತಿ ನಿಲ್ಲಿಸಿದ ಮುಂಗೋಡೆ. ಆ ತಗಡಿನ ಮೇಲೆ ಕಂಬಗಳು, ಕಮಾನುಗಳು, ಬಾಗಿಲಿನ ಎರಡು ಬದಿಗೆ ಸೊಂಡಿಲೆತ್ತಿದ ಆನೆಗಳು. ಹತ್ತಿರ ಹೋಗಿ ಕೈಯಿಂದ ಮುಟ್ಟಿದರೆ ತಗಡು, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಕಲ್ಲಿನ ಅರಮನೆ. ಬಸವಕಲ್ಯಾಣದ ಕೋಟೆಯ ಬಾಗಿಲುಗಳನ್ನು ನೋಡಿ ನೋಡಿ ಬೆಳೆದ ಕೈ ಅದು. ಬರೆದವರು ಇಮಾಮಸಾಬರು. ಅದೇ ಊರಿನವರು, ನನಗಿಂತ ಬಹಳ ಹಿರಿಯರು. ಕಂಪನಿಯಲ್ಲಿ ಎಲ್ಲರಿಗೂ ಇಮಾಮ ಚಾಚಾ.

ಅವರು ಏಣಿಯ ಮೇಲಿಂದಲೇ ನನ್ನನ್ನು ನೋಡಿ, "ನೀ ಏನ್ ಕೆಲಸ ಮಾಡಾಂವಪಾ?" ಎಂದರು.

"ಗಾಜಿನ ಮ್ಯಾಲ ಚಿತ್ರ ಬರದು ಗ್ವಾಡಿ ಮ್ಯಾಲ ಬಿಡ್ತೀನ್ರಿ ಚಾಚಾ."

"ಬಿಟ್ಟದ್ದು ಹತ್ಕೊಂಡು ನಿಂದರ್ತದೇನು?"

"ಇಲ್ರಿ. ದೀಪ ಆರಿದ್ರ ಹೋಗ್ತದ."

"ಹಂಗಾದ್ರ ಛಲೋ ಆತು. ನಂದೇನೂ ಕೆಡಸಂಗಿಲ್ಲ ನೀ," ಎಂದು ನಕ್ಕು ಮತ್ತೆ ಕುಂಚ ಎತ್ತಿಕೊಂಡರು.

ನನ್ನ ಪೆಟ್ಟಿಗೆ ತಯಾರಾಗಲು ಸ್ವಲ್ಪ ಕಾಲ ಹಿಡಿಯಿತು. ಹಳೆಯ ಸಿನಿಮಾ ಯಂತ್ರದ ಲೆನ್ಸು, ಒಳಗೆ ದೊಡ್ಡ ಬಲ್ಬು, ಬಿಸಿ ಹೋಗಲು ನೆತ್ತಿಯ ಮೇಲೆ ತಗಡಿನ ಕೊಳವೆ. ಫೋಟೋಗೆ ಬಣ್ಣ ಹಾಕುವ ಶಾಯಿಯಿಂದ ಗಾಜಿನ ಮೇಲೆ ನವಿಲು, ಹೂಬಳ್ಳಿ, ಕಾರಂಜಿ ಬರೆದೆ. ಬಲ್ಬಿನ ಕಾವಿಗೆ ಗಾಜು ಪಟ್ಟನೆ ಸೀಳುತ್ತಿತ್ತು. ಒಂದು ಗಾಜನ್ನು ಎಷ್ಟು ಹೊತ್ತು ಒಳಗೆ ಬಿಡಬಹುದು ಎಂಬುದನ್ನು ಕೈಯಲ್ಲಿ ಮುಟ್ಟಿ ಬಿಸಿ ನೋಡಿಯೇ ಕಲಿತೆ. ಆಗ ದಪ್ಪಗಾದ ಬೆರಳ ತುದಿಗಳು ಈಗಲೂ ಹಾಗೆಯೇ ಇವೆ.

ಬಸವಕಲ್ಯಾಣದ ಮೈದಾನದಲ್ಲಿ ಮೊದಲ ಸಂಜೆ ಪೆಟ್ಟಿಗೆ ಹಚ್ಚಿದಾಗ ಎಲ್ಲರೂ ಸುತ್ತ ನಿಂತಿದ್ದರು. ನನ್ನ ನವಿಲು ಹೋಗಿ ಇಮಾಮಸಾಬರ ಆನೆಯ ಮೇಲೆ ಕೂತಿತು. ಆನೆಯ ಕಿವಿಯಲ್ಲಿ ನವಿಲಿನ ಗರಿ, ಕಂಬದ ನಡುವೆ ಕಾರಂಜಿಯ ಅರ್ಧ. ಅವರ ಕೆಂಪು ಬಣ್ಣದ ಮೇಲೆ ನನ್ನ ಹಸಿರು ಬಿದ್ದು ಎರಡೂ ಮಣ್ಣಿನ ಬಣ್ಣವಾದವು. ಒಂದೇ ಹೊತ್ತಿಗೆ ಇಬ್ಬರು ಬೇರೆ ಬೇರೆ ಹಾಡು ಹಾಡಿದ ಹಾಗೆ. ಅದೂ ತಿಳಿಯಲಿಲ್ಲ, ಇದೂ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ವಿಠಲರಾಯರು ಇಮಾಮಸಾಬರನ್ನು ಕರೆದರು. "ಇಮಾಮಸಾಬ್, ಈ ಮುಂಗ್ವಾಡಿಗಿ ಬಿಳಿ ಸುಣ್ಣ ಹೊಡಸ್ಬೇಕಾಗ್ಯಾದ ನೋಡ್ರಿ. ಲೈಟಿಗಿ ಪಡದಾ ಬೇಕು. ದಿನಕ್ಕೊಂದು ಹೊಸ ಮಹಲ್ ತೋರಸಬಹುದು."

ಕೂಲಿಯವರು ಸುಣ್ಣದ ಬಕೆಟ್ಟು ತಂದರು. ಆಗ ಇಮಾಮಸಾಬರು ಮುಂದೆ ಬಂದು ಬಕೆಟ್ಟನ್ನು ತಮ್ಮ ಕೈಗೆ ತೆಗೆದುಕೊಂಡು, "ಇವ್ರು ಬ್ಯಾಡ್ರಿ. ನಾ ಬರದದ್ದು, ನಾನೇ ಒರಸ್ತೀನಿ," ಎಂದರು.

ಅಂದು ಇಡೀ ದಿನ ಅವರು ಆ ಗೋಡೆಯ ಮುಂದೆ ಇದ್ದರು. ನಾನು ದೂರದಲ್ಲಿ ಗಾಜು ಒರೆಸುತ್ತ ನೋಡುತ್ತಿದ್ದೆ. ಕಂಬಗಳು ಹೋದವು, ಕಮಾನುಗಳು ಹೋದವು. ಆನೆಗಳ ಮೈ ಹೋಯಿತು. ಕಣ್ಣುಗಳನ್ನು ಮಾತ್ರ ಕೊನೆಗೆ ಉಳಿಸಿಕೊಂಡಿದ್ದರು. ಬಿಳಿ ಗೋಡೆಯಲ್ಲಿ ಆ ಕಣ್ಣುಗಳಷ್ಟೇ ಉಳಿದಾಗ ಅವರು ಕೆಳಗೆ ಕೂತು ಒಂದು ಬೀಡಿ ಸೇದಿದರು. ಆಮೇಲೆ ಎದ್ದು ಅವನ್ನೂ ಮುಚ್ಚಿದರು. ಸಂಜೆ ಕುಂಚಗಳನ್ನು ತೊಳೆದು ಬಟ್ಟೆಯಲ್ಲಿ ಕಟ್ಟಿಕೊಂಡು, "ಇನ್ನ ಇಲ್ಲಿ ನಂದೇನ್ ಕೆಲಸ ಅದ ಮಾಲಕ್?" ಎಂದು ಕೇಳಿದರು. ವಿಠಲರಾಯರು ಹೊಸ ಆಟದ ಗುಂಗಿನಲ್ಲಿದ್ದರು. ಸ್ವಲ್ಪ ದಿನ ಮನೆಯಲ್ಲಿರಿ, ಕರೆಯುತ್ತೇನೆ ಎಂದರು. ಇಮಾಮಸಾಬರು ಮನೆಯಲ್ಲಿ ಕೂರಲಿಲ್ಲ. ಹುಮನಾಬಾದಿನ ಹೆದ್ದಾರಿಯ ಕೂಡುರಸ್ತೆಗೆ ಹೋಗಿ ಲಾರಿಗಳಿಗೆ ಬಣ್ಣ ಹಾಕಲು ನಿಂತರು.

ಬಿಳಿ ಗೋಡೆಯ ಮೇಲೆ ನನ್ನ ಚಿತ್ರ ಚೆನ್ನಾಗಿ ಬಿತ್ತು, ಅದರಲ್ಲಿ ಸುಳ್ಳಿಲ್ಲ. ಒಂದು ಗಾಜಿನಲ್ಲಿ ಅಮೃತಶಿಲೆಯ ಮಹಲು, ಇನ್ನೊಂದರಲ್ಲಿ ಕಾರಂಜಿಗಳ ತೋಟ, ಮತ್ತೊಂದರಲ್ಲಿ ನಕ್ಷತ್ರ ತುಂಬಿದ ಆಕಾಶ. ಗಾಜು ಬದಲಾದಾಗಲೆಲ್ಲ ಜನ ಹೋ ಎನ್ನುತ್ತಿದ್ದರು. ಸುತ್ತಲಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದರು. ಮೈದಾನ ತುಂಬಿತು. ನನ್ನ ಎದೆಯೂ ತುಂಬಿತು.

ಆದರೆ ಮಹಲಿನ ಒಳಗೆ ಯಾರೂ ಹೋಗುತ್ತಿರಲಿಲ್ಲ. ಹೊರಗೆ ನಿಂತು, ಎಲ್ಲ ಗಾಜುಗಳನ್ನೂ ನೋಡಿ, ಮಕ್ಕಳನ್ನು ಹೆಗಲಿಗೇರಿಸಿಕೊಂಡು ಮನೆಗೆ ಹೊರಡುತ್ತಿದ್ದರು. ಟಿಕೆಟು ಕೊಡುವವನು ಕರೆದರೆ ಒಬ್ಬ ಹೆಂಗಸು, "ಮಹಲ್ ನೋಡಿದ್ವಲ್ಲೋ ಯಪ್ಪಾ, ಮತ್ತ ಒಳಗ್ಯಾಕ?" ಎಂದು ಕೇಳಿದಳು.

ಹಗಲಿನ ಕತೆ ಇನ್ನೂ ಕೆಟ್ಟದ್ದು. ಸೂರ್ಯ ಬಂದರೆ ನನ್ನ ಮಹಲಿಲ್ಲ, ಬರಿಯ ಸುಣ್ಣದ ಗೋಡೆ. ಪಕ್ಕದ ಕೊಹಿನೂರು ಹಳ್ಳಿಯ ರೈತನೊಬ್ಬ ಖಾಲಿ ಚೀಲಗಳನ್ನು ಹೊತ್ತು ಬಂದು, "ಬೀಜ ಎಂದಿನಿಂದ ಕೊಡ್ತೀರಿ?" ಎಂದು ಕೇಳಿದ. ಸರಕಾರದ ಗೋದಾಮು ಎಂದುಕೊಂಡಿದ್ದ. ಆಗಷ್ಟೇ ನನಗೆ ಮದುವೆಯಾಗಿತ್ತು. ಹೆಂಡತಿ ನಾಗಮ್ಮ, ಗಂಡನ ಹೆಸರುವಾಸಿ ಮಹಲು ನೋಡಬೇಕೆಂದು ತಮ್ಮನ ಜೊತೆ ಮಧ್ಯಾಹ್ನದ ಬಸ್ಸಿಗೆ ಬಂದಳು. ಆ ಗೋಡೆಯ ಮುಂದೆ ನಿಂತು, ಆ ಕಡೆ ಈ ಕಡೆ ನೋಡಿ, "ಎಲ್ಲಿ ಅದ್ರಿ?" ಎಂದಳು.

"ಇದೇ. ಸಂಜಿಗಿ ಕಾಣತದ."

"ಹಗಲಾಗ ಕಾಣಲಾರದ್ದು ಅದೇನ್ ಮಹಲ್ ರೀ?" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಆ ಮಾತು ಬಹಳ ದಿನ ನನ್ನ ತಲೆಯಲ್ಲಿ ಸುಳಿದಾಡಿತು.

ಕಂಪನಿ ಅಲ್ಲಿಂದ ಹುಮನಾಬಾದಿಗೆ ಬಂದಿತು. ಅಲ್ಲಿನ ಮೈದಾನ ಹೆದ್ದಾರಿಯ ಪಕ್ಕಕ್ಕೇ ಇತ್ತು. ಸೊಲ್ಲಾಪುರದ ಕಡೆಯಿಂದ, ಹೈದರಾಬಾದಿನ ಕಡೆಯಿಂದ ಲಾರಿಗಳು ತಿರುವಿನಲ್ಲಿ ಬಂದಾಗ ಅವುಗಳ ದೀಪ ನೇರವಾಗಿ ನನ್ನ ಗೋಡೆಗೆ ಹೊಡೆಯುತ್ತಿತ್ತು. ಒಂದೊಂದು ಲಾರಿಗೂ ನನ್ನ ಅಮೃತಶಿಲೆಯ ಮಹಲು ಒಮ್ಮೆ ಅಳಿಸಿಹೋಗಿ ಮತ್ತೆ ಬರುತ್ತಿತ್ತು. ಕಬ್ಬಿನ ಕಾಲ ಬೇರೆ, ಲಾರಿಗಳು ಒಂದರ ಹಿಂದೆ ಒಂದು. ಜನ ಲಾರಿಗಳನ್ನು ಬೈಯುವುದು ಬಿಟ್ಟು ಎಣಿಸತೊಡಗಿದರು. ಅದೇ ಒಂದು ಆಟವಾಯಿತು.

ಜನರನ್ನು ಒಳಗೆ ಕರೆಯಲು ವಿಠಲರಾಯರು ಒಂದು ಉಪಾಯ ಹೂಡಿದರು. ಚಿತ್ರದಲ್ಲಿಯೇ ದೊಡ್ಡದೊಂದು ಬಾಗಿಲು ತೋರಿಸೋಣ, ತೆರೆದ ಬಾಗಿಲು, ಒಳಗೆ ದೀಪಗಳ ಸಾಲು. ಬಾಗಿಲು ಕಂಡರೆ ಮನುಷ್ಯ ಒಳಗೆ ಹೋಗದೆ ಇರುವುದಿಲ್ಲ ಎಂದರು. ನಾನು ಬರೆದೆ. ಚಿತ್ರ ಗೋಡೆಯ ನಡುವೆ ಚಂದ ಕೂರಬೇಕಾದರೆ ಬಾಗಿಲೂ ನಡುವೆಯೇ ಬರಬೇಕು. ನಿಜವಾದ ಬಾಗಿಲು ಇದ್ದದ್ದು ಎಡಗಡೆ. ಅದು ನನ್ನ ಬೆಳಕಿನ ಮುಂದೆ ಕತ್ತಲಲ್ಲಿ ಮುಚ್ಚಿಹೋಯಿತು.

ಆ ಸಂಜೆ ಹಳ್ಳಿಖೇಡದಿಂದ ಶಿವರಾಯಪ್ಪ ಎಂಬ ಹಿರಿಯ ರೈತರು ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಒಳ್ಳೆಯ ಹೊಲ-ಮನೆ ಇದ್ದವರು, ತಲೆಗೆ ಸುತ್ತಿದ ಬಿಳಿ ಪಟಗಾ, ಭುಜದ ಮೇಲೆ ಶಲ್ಯ. ಟಿಕೆಟು ತೆಗೆದುಕೊಂಡು, ಮೊಮ್ಮಗಳ ಕೈ ಹಿಡಿದು, ಗಂಭೀರವಾಗಿ ನಡೆದು ಬಂದು ನನ್ನ ಬೆಳಕಿನ ಬಾಗಿಲೊಳಗೆ ಕಾಲಿಟ್ಟರು. ತಗಡು ಧಡ್ ಎಂದಿತು. ಪಟಗಾ ಹಿಂದೆ ಬಿತ್ತು. ಜನ ಮೊದಲು ನಕ್ಕರು. ಆಮೇಲೆ ಹಣೆಯಲ್ಲಿ ರಕ್ತ ಕಂಡು ಸುಮ್ಮನಾದರು. ಹಳ್ಳಿಖೇಡದಿಂದ ಜೊತೆಗೆ ಬಂದ ನಾಲ್ಕೈದು ಜನ ನನ್ನ ಪೆಟ್ಟಿಗೆಯ ಕಡೆ ತಿರುಗಿದರು. ಒಬ್ಬನ ಕೈಯಲ್ಲಿ ಬಡಿಗೆ ಇತ್ತು.

"ಬಾಗಲಾ ತೋರಸ್ತೀರಿ, ಬಾಗಲಾನೇ ಇಲ್ಲ! ಏನ್ ಚಾಷ್ಟಿ ಹಚ್ಚೀರಿ ಹಿರೇರ ಜೋಡಿ?"

ಅವರನ್ನು ತಡೆದವರು ಶಿವರಾಯಪ್ಪನವರೇ. "ಬಿಡ್ರೋ. ಹುಡುಗ ಬರೋಬರ್ ಬರದಾನ ಅಂತನೇ ನಾ ಬಡ್ಕೊಂಡೆ," ಎಂದರು. ವಿಠಲರಾಯರು ಓಡಿ ಬಂದು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಗಾಯಕ್ಕೆ ಅರಿಸಿನ ಹಚ್ಚಿಸಿ, ಚಹಾ ತರಿಸಿದರು. ಮೊಮ್ಮಗಳು ಅಳುತ್ತಲೇ ಇದ್ದಳು. ಅಜ್ಜನಿಗೆ ಪೆಟ್ಟಾಯಿತೆಂದು ಅಳುತ್ತಿದ್ದಾಳೆ ಎಂದುಕೊಂಡೆವು. ಶಿವರಾಯಪ್ಪನವರು ಅವಳ ತಲೆ ಸವರಿ ಹೇಳಿದರು: "ಹೋದ ವರ್ಷ ಇಲ್ಲಿ ಬಣ್ಣದ ಆನಿ ಇದ್ವು ನೋಡ್ರಿ. ಆನಿ ಮುಂದ ನಿಂದರ್ತೀನಿ ಅಂತ ವರ್ಷ ಪೂರಾ ಹೇಳ್ಕೋತ ಬಂದಾಳ. ಆನಿ ಎಲ್ಲಿ ಹೋದ್ವು?"

ವಿಠಲರಾಯರ ಮುಖ ಇಳಿದುಹೋದದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಮರುದಿನ ಬೆಳಿಗ್ಗೆ ಅವರು ನನ್ನನ್ನೂ ಕರೆದುಕೊಂಡು ಕೂಡುರಸ್ತೆಗೆ ಹೊರಟರು. ಬೇವಿನ ಮರದ ಕೆಳಗೆ ಇಮಾಮಸಾಬರು ಲಾರಿಯೊಂದರ ಹಿಂಬದಿಯ ಹಲಗೆಗೆ ನವಿಲು ಬರೆಯುತ್ತಿದ್ದರು. ನಮ್ಮನ್ನು ನೋಡಿದರೂ ಕೈ ನಿಲ್ಲಿಸಲಿಲ್ಲ.

"ಇಮಾಮಸಾಬ್, ಜನ ಆನಿ ಕೇಳಾಕತ್ತಾರ," ಎಂದರು ವಿಠಲರಾಯರು.

"ಸುಣ್ಣ ಕೇಳಿದವ್ರು ನೀವೇ ಅಲ್ರಿ ಮಾಲಕ್?"

"ಹೌದ್ರಿ. ನನ್ನ ತಲ್ಯಾಗ ಹೊಸದರ ಹುಚ್ಚು ಹೊಕ್ಕಿತ್ತು. ಈಗ ನಾನೇ ಕರೀಲಿಕ್ಕೆ ಬಂದೀನಿ. ಬರ್ರಿ."

ಇಮಾಮಸಾಬರು ಗರಿಯ ಕಣ್ಣೊಂದನ್ನು ಮುಗಿಸಿದರು. ಆಮೇಲೆ ನನ್ನ ಕಡೆ ಕುಂಚ ತೋರಿಸಿ, "ಈ ಬಂಡೆಪ್ಪನ ಪೆಟಗಿ ಏನ್ ಮಾಡ್ತೀರಿ?" ಎಂದು ಕೇಳಿದರು.

"ತಗದು ಹಾಕ್ತೀವಿ. ಅವನ ಲೆಕ್ಕ ಮುಗಸಿ ಕಳಸ್ತೀನಿ."

ಮನೆಯಲ್ಲಿ ಹೊಸ ಹೆಂಡತಿ. ಊರಿಗೆ ಹೋದರೆ ಅದೇ ಕುರಿ, ಅದೇ ಅಣ್ಣಂದಿರ ನಗು.

"ಹಂಗ ಮಾಡಬ್ಯಾಡ್ರಿ," ಎಂದರು ಇಮಾಮಸಾಬರು. "ನನ್ನ ಹೊಟ್ಟಿ ಉರದದ ಅಂತ ಅವಂದೂ ಉರೀಬೇಕೇನು? ಅವಂಗ ಭೂತ ಬಂಗ್ಲಾ ಕೊಡ್ರಿ. ಭೂತ ಅಂದ್ರ ಬಂದು ಹೋಗೋದು. ಅದಕ್ಕ ಇವನ ಬೆಳಕೇ ಬೇಕು, ನನ್ನ ಬಣ್ಣ ಬ್ಯಾಡ. ಮಹಲ್ ಅಂದ್ರ ನಿಂದಿರೋದು. ಅದು ನಂದು."

ಇಷ್ಟು ವರ್ಷ ನಾನು ಕಲಿತದ್ದಕ್ಕೆಲ್ಲ ಆ ಮಾತೇ ಬುನಾದಿ. ಕಟ್ಟಡ ಏನು ಹೇಳುತ್ತಿದೆ ಎಂದು ಮೊದಲು ಕೇಳಬೇಕು. ಕೋಟೆ, ಅರಮನೆ ಎಂದರೆ ಜನರಿಗೆ ಗಟ್ಟಿಯಾಗಿ ನಿಂತದ್ದು ಬೇಕು. ಹಗಲಿಗೂ ಇರಬೇಕು, ಮಳೆಗೂ ಇರಬೇಕು, ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವಂತಿರಬೇಕು. ಭೂತ, ಮಿಂಚು, ಬೆಂಕಿ, ನೀರು ಇಂಥವಕ್ಕೆ ಬೆಳಕು ಒಪ್ಪುತ್ತದೆ, ಯಾಕೆಂದರೆ ಅವು ನಿಲ್ಲುವ ವಸ್ತುಗಳಲ್ಲ.

ಇಮಾಮಸಾಬರು ಮರಳಿ ಬಂದು ಕನ್ನಡಿ ಮಹಲಿಗೆ ಆನೆಗಳನ್ನು ಮತ್ತೆ ಬರೆದರು. ಭೂತ ಬಂಗಲೆಯ ಮುಂಗೋಡೆಯನ್ನೂ ಬೂದು ಬಣ್ಣದಲ್ಲಿ, ಮುರಿದ ಕಿಟಕಿಗಳ ಹಾಳು ಮನೆಯಾಗಿ ಬರೆದುಕೊಟ್ಟರು. ನಾನು ಒಂದೇ ಕಿಟಕಿಯ ಅಳತೆಗೆ ಗಾಜು ಕತ್ತರಿಸಿ, ಆ ಕಿಟಕಿಯಲ್ಲಿ ಮಾತ್ರ ಒಂದು ಮುಖ ಬರುವಂತೆ ಮಾಡಿದೆ. ಬರುವುದು, ಜನ ಬೆರಳು ತೋರಿಸುವಷ್ಟರಲ್ಲಿ ಹೋಗುವುದು. ಮತ್ತೆ ನೋಡಬೇಕೆಂದರೆ ಒಳಗೆ ಹೋಗಬೇಕು. ಬಾಗಿಲನ್ನು ಮಾತ್ರ ಎಂದೂ ಕತ್ತಲಲ್ಲಿ ಬಿಡಲಿಲ್ಲ. ಅದರ ಮೇಲೆ ಬೇರೆಯೇ ಒಂದು ಬಲ್ಬು. ಹೊಸಬರಿಗೆ ನಾನು ಮೊದಲು ಹೇಳುವುದೂ ಅದನ್ನೇ. ಬಾಗಿಲು ಇರುವಲ್ಲಿ ಬಾಗಿಲು ಕಾಣಲಿ, ಇಲ್ಲದಲ್ಲಿ ಕಾಣಿಸದಿರಲಿ. ಅದರ ಪೆಟ್ಟು ಬೀಳುವುದು ನಮಗಲ್ಲ, ನಮ್ಮನ್ನು ನಂಬಿ ಬಂದವರ ಹಣೆಗೆ.

ಒಮ್ಮೆ ಸಣ್ಣದೊಂದು ಹುಳು ಪೆಟ್ಟಿಗೆಯೊಳಗೆ ಹೊಕ್ಕು ಗಾಜಿನ ಮೇಲೆ ನಡೆಯತೊಡಗಿತು. ಹೊರಗೆ ಕಿಟಕಿಯಲ್ಲಿ ಭೂತದ ಹಣೆಯ ಮೇಲೆ ಎಮ್ಮೆಯ ಕರುವಿನಷ್ಟು ದೊಡ್ಡ ಪ್ರಾಣಿಯೊಂದು ಕಾಲು ಎತ್ತೆತ್ತಿ ಇಡುತ್ತ ಸಾಗಿತು. ಅಂಥ ಕೂಗನ್ನು ನಾನು ಬರೆದ ಯಾವ ಭೂತಕ್ಕೂ ಜನ ಕೂಗಿರಲಿಲ್ಲ. ವಿಠಲರಾಯರು ಕಣ್ಣರಳಿಸಿ ಬಂದು, "ಇದನ್ನ ದಿನಾ ತೋರಸೋ!" ಎಂದರು. ಮರುದಿನದಿಂದ ನಾನೂ ಇಮಾಮ ಚಾಚಾನೂ ಕಬ್ಬಿನ ಹೊಲದ ಬದುವಿನಲ್ಲಿ ಹುಳು ಹುಡುಕಿದೆವು. ಹಿಡಿದು ತಂದ ಯಾವ ಹುಳುವೂ ಗಾಜಿನ ಮೇಲೆ ಒಂದು ಹೆಜ್ಜೆ ಇಡಲಿಲ್ಲ. ಕಾವಿಗೆ ಹೆದರಿ ಮೂಲೆ ಸೇರುತ್ತಿದ್ದವು. ಕೊನೆಗೆ ಅವನ್ನು ಹೊಲಕ್ಕೇ ಬಿಟ್ಟು ಬಂದೆವು.

ವರ್ಷಗಳು ಹೀಗೆಯೇ ಉರುಳಿದವು. ಜನರೇಟರಿನ ಗುಡುಗು ಹೋಗಿ ಕಂಬದ ಕರೆಂಟು ಬಂದಿತು. ಗಾಜನ್ನು ಕೈಯಲ್ಲಿ ಬರೆಯುವುದು ಹೋಗಿ ಫೋಟೋದಿಂದ ಸ್ಲೈಡು ಮಾಡಿಸುವುದು ಬಂದಿತು. ಸಣ್ಣ ಪೆಟ್ಟಿಗೆ, ತಣ್ಣಗೆ ಗಾಳಿ ಬೀಸುವ ಪಂಖ, ಸೀಳುವ ಭಯವಿಲ್ಲ. ಆದರೆ ಅದೇ ಕರೆಂಟು ನನ್ನ ಕತ್ತಲನ್ನೂ ತಿಂದಿತು. ಹಳ್ಳಿಖೇಡದ ಕಡೆ ಸಕ್ಕರೆ ಕಾರ್ಖಾನೆ ಬಂದಿತು. ಹುಮನಾಬಾದಿನ ರಸ್ತೆಯುದ್ದಕ್ಕೂ ದೀಪದ ಕಂಬಗಳು ಬಂದವು. ಬೇರೆ ಆಟಗಳವರು ಮಿನುಗುವ ಸರಮಾಲೆ ಬಲ್ಬು ಹಾಕಿದರು. ನನ್ನ ಭೂತ ದಿನದಿಂದ ದಿನಕ್ಕೆ ತೆಳ್ಳಗಾಯಿತು. ಬೆಳಕಿನ ಚಿತ್ರದವನಿಗೆ ದೀಪಕ್ಕಿಂತ ಕತ್ತಲು ಮುಖ್ಯ. ಮೈದಾನಕ್ಕೆ ಕಾಲಿಟ್ಟಾಗ ನಾನು ಮೊದಲು ನೋಡುತ್ತಿದ್ದುದು ಎಲ್ಲಿ ಕತ್ತಲಿದೆ ಎಂದು.

ಎಂಬತ್ತರ ದಶಕದಲ್ಲಿ ಒಂದು ಬೇಸಿಗೆ, ಬಸವಕಲ್ಯಾಣದಲ್ಲಿ ಡೇರೆ ಹಾಕಿದಾಗ, ಸಂಜೆಯ ಬಿರುಗಾಳಿಗೆ ಕನ್ನಡಿ ಮಹಲಿನ ಮುಂಗೋಡೆ ಹಾರಿಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ. ತಗಡುಗಳು ಮಾತ್ರ ಹರಿದು ಮುದ್ದೆಯಾದವು. ಇಮಾಮಸಾಬರ ಆನೆಗಳು ಮತ್ತೆ ಹೋದವು. ಹೊಸ ತಗಡು ತಂದು ಬಿಳಿ ಬಳಿದು ಚೌಕಟ್ಟು ಎತ್ತಿದರು. ಆದರೆ ಬರೆಯುವವರಾರು? ಇಮಾಮಸಾಬರ ಕೈ ಅಷ್ಟು ಹೊತ್ತಿಗೆ ನಡುಗುತ್ತಿತ್ತು. ಚಹಾದ ಬಟ್ಟಲನ್ನು ಎರಡೂ ಕೈಯಿಂದ ಹಿಡಿಯುತ್ತಿದ್ದರು. ಏಣಿ ಹತ್ತಿ ಇದ್ದಿಲಿನಿಂದ ಒಂದು ಗೆರೆ ಎಳೆಯಲು ನೋಡಿದರು. ಗೆರೆ ಹಾವಿನಂತೆ ಹೋಯಿತು. ಕೆಳಗಿಳಿದು, "ಆಗಂಗಿಲ್ರಿ ಮಾಲಕ್," ಎಂದರು.

ವಿಠಲರಾಯರಿಗೂ ವಯಸ್ಸಾಗಿತ್ತು. ಹೈದರಾಬಾದಿನಿಂದ ತಯಾರಾದ ಬಟ್ಟೆಯ ಪರದೆ ತರಿಸೋಣ, ಅದರ ಮೇಲೆ ಮಹಲು ಅಚ್ಚು ಹಾಕಿರುತ್ತಾರಂತೆ ಎಂದರು. ಇಮಾಮಸಾಬರು ಆಗಲಿ ಎಂಬಂತೆ ತಲೆಯಾಡಿಸಿದರು. ಆ ತಲೆಯಾಡಿಸಿದ ರೀತಿಯನ್ನು ನನಗೆ ನೋಡಲಾಗಲಿಲ್ಲ.

ಅದಕ್ಕೆ ಕೆಲವು ವರ್ಷ ಹಿಂದೆ ಹುಮನಾಬಾದಿನ ಸ್ಟುಡಿಯೋದವನು ನಮ್ಮೆಲ್ಲರನ್ನೂ ಮಹಲಿನ ಮುಂದೆ ನಿಲ್ಲಿಸಿ ಫೋಟೋ ತೆಗೆದಿದ್ದ. ನಾನು ಬಸ್ಸು ಹತ್ತಿ ಹೋಗಿ ಅದರ ಸ್ಲೈಡು ಮಾಡಿಸಿಕೊಂಡು ಬಂದೆ. ಹೊತ್ತು ಮುಳುಗುವ ವೇಳೆಗೆ ಪೆಟ್ಟಿಗೆ ಹಚ್ಚಿ ಹೊಸ ತಗಡಿನ ಮೇಲೆ ಬಿಟ್ಟೆ. ಕಂಬ, ಕಮಾನು, ಆನೆಗಳು, ಎಲ್ಲ ತಮ್ಮ ತಮ್ಮ ಅಳತೆಯಲ್ಲಿ ಬಂದು ನಿಂತವು. ಕೆಳಗೆ ನಮ್ಮದೇ ಮುಖಗಳು.

"ಚಾಚಾ, ಈ ಬೆಳಕಿನ ಗೆರಿ ಮ್ಯಾಲ ಕೈ ಆಡಸಿ ನೋಡ್ರಿ," ಎಂದೆ.

ಅವರು ಇದ್ದಿಲ ತುಂಡು ಹಿಡಿದು ಬಂದರು. ಗೋಡೆಯ ಮುಂದೆ ನಿಂತ ಕೂಡಲೇ ಅವರ ನೆರಳೇ ಆನೆಯನ್ನು ಮುಚ್ಚಿತು. ಸ್ವಲ್ಪ ಯೋಚಿಸಿ ಬದಿಗೆ ಸರಿದು, ಒಂದು ಕೋಲನ್ನು ಗೋಡೆಗೆ ಒರಗಿಸಿ ಅದರ ಮೇಲೆ ಮಣಿಕಟ್ಟು ಊರಿ, ಆನೆಯ ಬೆನ್ನಿನ ಗೆರೆಯನ್ನು ಹಿಡಿದರು. ಗೆರೆ ಮೆಲ್ಲಗೆ, ನೇರವಾಗಿ ಹೋಯಿತು. ಅವರು ತಿರುಗಿ ನನ್ನನ್ನು ನೋಡಿದರು.

"ಗೆರಿ ಹುಡುಕುವಾಗ ಕೈ ನಡಗತದೋ ಬಂಡೆಪ್ಪಾ. ಗೆರಿ ಕಂಡ್ರ ನಡಗಂಗಿಲ್ಲ."

ಮುಂದೆ ಕೆಲವು ಸಂಜೆ ನಾವಿಬ್ಬರೂ ಹಾಗೆಯೇ ಕೆಲಸ ಮಾಡಿದೆವು. ನಾನು ಬೆಳಕು ಹಿಡಿಯುವುದು, ಅವರು ಗೆರೆ ಹಿಡಿಯುವುದು. ಹಗಲಿನಲ್ಲಿ ಬಣ್ಣ ತುಂಬುತ್ತಿದ್ದರು. ದೊಡ್ಡ ಜಾಗಗಳಿಗೆ ಕೂಲಿಯವರು, ಆನೆಯ ಕಣ್ಣಿಗೆ ಅವರೇ. ಮೇಲಿನ ಹಲಗೆ ಏರಬೇಡಿ ಎಂದು ಎಲ್ಲರೂ ಹೇಳಿದರು. ಕೇಳಲಿಲ್ಲ. ಕೊನೆಯ ದಿನ ಮೇಲೆ ಹತ್ತಿ ಆಕಾಶಕ್ಕೆ ಗಾಢ ನೀಲಿ ಹಚ್ಚಿದರು. ಫೋಟೋದಲ್ಲಿ ಆಕಾಶ ಬರಿಯ ಬಿಳಿಯಾಗಿತ್ತು, ಆ ನೀಲಿ ಅವರದೇ ಯೋಚನೆ.

ಪ್ರದರ್ಶನ ಮತ್ತೆ ತೆರೆಯುವ ಸಂಜೆ ನಾನು ದೂರ ನಿಂತು ನೋಡಿದೆ. ಕಮಾನುಗಳ ಮೇಲೆ, ನೀಲಿಯ ನಡುವೆ, ತಟ್ಟೆಯಷ್ಟು ದುಂಡಗಿನ ಬಿಳಿ ಜಾಗ ಉಳಿದಿತ್ತು.

"ಚಾಚಾ, ಮ್ಯಾಲ ಒಂದ್ ಕಡೆ ಬಣ್ಣ ಹಚ್ಚೋದು ಉಳದದ ನೋಡ್ರಿ."

"ಉಳದಿಲ್ಲ. ಬಿಟ್ಟೀನಿ."

"ಯಾಕ್ರಿ?"

"ಅದು ಚಂದ್ರಾಮನ ಜಾಗ. ನಾ ಬರದ್ರ ಹಗಲಿಗೂ ಅಲ್ಲೇ ನಿಂತಿರ್ತಾನ. ಚಂದ್ರಾಮ ಬಂದು ಹೋಗಾಂವ. ಅವ ನಿನ್ನ ಪಾಲಿಗಿ."

ತಗಡಿನ ತುಂಡಿನಲ್ಲಿ ದುಂಡಗೆ ರಂಧ್ರ ಕೊರೆದು, ತಿಳಿ ಹಳದಿ ಗಾಜು ಹಚ್ಚಿ ಪೆಟ್ಟಿಗೆಯಲ್ಲಿಟ್ಟೆ. ಇಮಾಮ ಚಾಚಾ ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ದೀಪ ಹಚ್ಚಿದೆ.

"ಜರಾ ಎಡಕ್ಕ," ಎಂದರು.

ಎಡಕ್ಕೆ ಸರಿಸಿದೆ. ಚಂದ್ರ ತನ್ನ ಜಾಗದಲ್ಲಿ ಸರಿಯಾಗಿ ಕೂತ. ವಿಠಲರಾಯರು ಬಾಗಿಲು ತೆಗೆಸಿ ಟಿಕೆಟು ಕೊಡಿಸತೊಡಗಿದರು. ಮೊದಲು ಬಂದದ್ದು ಒಂದು ದೊಡ್ಡ ಕುಟುಂಬ. ಮುಂದೆ ಇದ್ದ ಹೆಂಗಸು ಆನೆಯ ಸೊಂಡಿಲನ್ನು ಕೈಯಿಂದ ಸವರಿ, ಒಮ್ಮೆ ತಲೆಯೆತ್ತಿ ಮೇಲೆ ನೋಡಿದಳು.

"ಅಯ್ಯ, ಇವತ್ತ ಹುಣ್ಣಿಮಿ ಆಗ್ಯಾದೇನ?" ಎಂದು ಕೇಳುತ್ತ, ಉತ್ತರಕ್ಕೂ ಕಾಯದೆ, ಮಕ್ಕಳನ್ನು ಕರೆದುಕೊಂಡು ಮಹಲಿನ ಒಳಗೆ ಹೋದಳು.